ಹದಿನೇಳನೇ ಆನೆ

ಎಪಿಎಂಸಿ ಯಾರ್ಡಿನ ಆಲೂಗಡ್ಡೆ ಗೋಡೌನಿನಲ್ಲಿ
ಇಪ್ಪತ್ತೆರಡು ಆನೆ, ಎಲ್ಲ ಒಂದೇ ಅಚ್ಚು,
ಎಲ್ಲ ಬೆಳ್ಳಗೆ, ಈಗಷ್ಟೇ ಹಾಲು ಕುಡಿದು ನಿಂತ ಹಾಗೆ.
ನನ್ನ ಪಾಲಿಗೆ ಬಂದದ್ದು ಹದಿನೇಳು.
ತಟ್ಟಿದರೆ ನೀರಿಲ್ಲದ ಟ್ಯಾಂಕಿನ ಸದ್ದು.

ಹಾಸನದ ತುಂಬ ನಿಲ್ಲಿಸುತ್ತಾರಂತೆ, ಒಂದು ತಿಂಗಳು,
ಪಾರ್ಕಿನ ಗೇಟು, ಬಸ್‌ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು.
ಜನ ನಕ್ಷೆ ಹಿಡಿದು ಒಂದೊಂದನ್ನೇ ಹುಡುಕುತ್ತಾರಂತೆ.
ಆಮೇಲೆ ಹರಾಜು. ಬಂದ ದುಡ್ಡು
ತಿಂಗಳು ತಿಂಗಳು ರಕ್ತ ಏರಿಸಿಕೊಳ್ಳುವ ಮಕ್ಕಳ ವಾರ್ಡಿಗೆ.

ನಾನು ಪೆನ್ಷನ್ ಮೊಹಲ್ಲಾದವಳು,
ಮೂವತ್ತು ವರ್ಷ ಮದುವಣಗಿತ್ತಿಯರ ಕೈ ಹಿಡಿದವಳು.
ಕೈ ಅಂದರೆ ಬೆಚ್ಚಗಿರಬೇಕು, ಬೆವರಬೇಕು,
ನಡುವೆ ‘ಮೂಗು ತುರಿಸಿ ಅಕ್ಕಾ’ ಅಂತ ಗೋಗರೆಯಬೇಕು.
ಇದು ಏನೂ ಕೇಳುವುದಿಲ್ಲ.
ಕೋನಿನಲ್ಲಿ ಮದರಂಗಿಯ ಬದಲು ಆಕ್ರಿಲಿಕ್ಕು,
ನೀಲಗಿರಿ ಎಣ್ಣೆಯ ಘಮವಿಲ್ಲ,
ರಾತ್ರಿ ಕಳೆದರೆ ರಂಗೇರುವುದೂ ಇಲ್ಲ.
ಏಣಿ ಹತ್ತಿ ಕುಂಭಸ್ಥಳಕ್ಕೆ ಮೊದಲ ಚುಕ್ಕೆ ಇಟ್ಟಾಗ
ಅಭ್ಯಾಸಬಲ,
ಎಡಗೈ ನಾಡಿ ಹುಡುಕಿತು.

ಪಕ್ಕದ ಹದಿನಾರಕ್ಕೆ ಕಾಲೇಜು ಹುಡುಗರು
ಗುಲಾಬಿ ಮೋಡ ಹಚ್ಚುತ್ತಿದ್ದರು, ಅಂಟಿಸಿಕೊಂಡು ಬೈಸಿಕೊಳ್ಳುತ್ತಾ.
ಹದಿನೆಂಟರ ಹೊಟ್ಟೆಯುದ್ದಕ್ಕೂ ಚಿನ್ನದಂಗಡಿಯ ಹೆಸರು.

ವಾಚ್‌ಮನ್ ಮಂಚೇಗೌಡ ಆಲೂರು ಕಡೆಯವನು.
ಟೀ ಹಿಡಿದು ಬಂದವನು ಒಂದು ಸುತ್ತು ಹಾಕಿ ಅಂದ:
“ಕಿವಿ ಸಾಲದು. ಕಣ್ಣಿನ ಹಿಂದೆ ಒದ್ದೆಗೆರೆ ಇಲ್ಲ.
ನಿಂತಿರೋದೂ ಸರಿಯಿಲ್ಲಮ್ಮ.
ನಿಜದ್ದು ನಿಂತ್ರೂ ಒಂದು ಕಾಲು ಯೋಚನೆ ಮಾಡ್ತಿರ್ತದೆ.”
ಹೋದ ಕಾರ್ತೀಕದಲ್ಲಿ ಅವನ ಗದ್ದೆ ತುಳಿದಿತ್ತು, ಕೊಯ್ಲಿಗೆ ಮೂರು ದಿನ ಇತ್ತು.
ಅದರ ಹೆಸರೇನು, ಅಂದೆ.
“ಫಾರೆಸ್ಟಿನವರು ಕಾಲರ್ ಹಾಕಿ ಏನೋ ಒಂದು ಇಟ್ಟವ್ರೆ.
ನಾವು ರಾತ್ರಿ ಹೊತ್ತು ಹೆಸರು ಹೇಳಲ್ಲ. ದೊಡ್ಡೋರು ಅಂತೀವಿ.”

ಅವತ್ತು ಕಣ್ಣಿನ ಹಿಂದೆ ಒಂದು ಗೆರೆ ಎಳೆದೆ, ಕೆಳಮುಖವಾಗಿ,
ನನ್ನ ಯಾವ ಡಿಸೈನ್ ಪುಸ್ತಕದಲ್ಲೂ ಇಲ್ಲದ್ದು.

ಹನ್ನೆರಡನೇ ದಿನ ವಾರ್ಡಿನ ಮಕ್ಕಳು ವ್ಯಾನಿನಲ್ಲಿ ಬಂದರು.
ಅರಕಲಗೂಡಿನ ಇಂಚರಾ, ಒಂಬತ್ತು ವರ್ಷ,
ಆನೆಯ ಸೊಂಡಿಲಿನ ಬಳ್ಳಿಗಳನ್ನು ಬೆರಳಲ್ಲೇ ಓದಿ
ಕೈ ಚಾಚಿದಳು: “ನಂಗೂ.”
ಬೆಳಗ್ಗೆಯಷ್ಟೇ ಸೂಜಿ ತೆಗೆದ ಕೈ. ಮೇಲೆ ಹತ್ತಿ, ಪ್ಲಾಸ್ಟರು.
ನಾನು ನರ್ಸನ್ನು ನೋಡಿದೆ.
ನರ್ಸು ಗೋಡೌನಿನ ಹೆಂಚು ನೋಡಿದರು.
ಚೀಲದ ತಳದಲ್ಲಿ ಒಂದು ನಿಜವಾದ ಕೋನು ಇತ್ತು.
ಪ್ಲಾಸ್ಟರನ್ನು ಮುಟ್ಟದೆ ಅದನ್ನೇ ಕೆರೆ ಮಾಡಿದೆ.
ಸುತ್ತ ಜೊಂಡು, ಎರಡು ಕಮಲ,
ದಡದಲ್ಲಿ ನೀರಿಗಿಳಿಯಲೋ ಬೇಡವೋ ಅಂತ ನಿಂತ
ಹೆಬ್ಬೆರಳ ಉಗುರಿನಷ್ಟು ಆನೆ,
ಒಂದು ಕಾಲು ಯೋಚನೆಯಲ್ಲಿ.
ಎಡಗೈಗೆ ಅವತ್ತು ನಾಡಿ ಸಿಕ್ಕಿತು,
ಪುಟ್ಟದು, ಬೇಗ ಬೇಗ.

ಮದುಮಗಳ ಅಂಗೈಯಲ್ಲಿ ಗಂಡಿನ ಹೆಸರು ಬಚ್ಚಿಡುವುದು ರೂಢಿ,
ಅವನೇ ಹುಡುಕಿಕೊಳ್ಳಲಿ ಅಂತ.
ಆನೆಯಲ್ಲೂ ಒಂದು ಬಚ್ಚಿಟ್ಟಿದ್ದೇನೆ. ನನ್ನದಲ್ಲ.
ನನ್ನದು ಫಲಕದಲ್ಲಿತ್ತು: ‘ಕಲಾವಿದೆ: ಪರೀದಾ ಬಾನು.’
ಫೌಂಡೇಶನ್ನಿನ ಫಕಾರಕ್ಕೆ ನೀಟಾಗಿ ಹೊಟ್ಟೆ ಸೀಳಿದವರು
ನನ್ನದನ್ನು ಸೀಳದೆ ಬಿಟ್ಟಿದ್ದರು.
ಇರಲಿ, ಬದುಕಿಕೊಂಡೆ.

ಹರಾಜಿನಲ್ಲಿ ಹದಿನೇಳನ್ನು ಹಿಡಿದವರು
ಸಕಲೇಶಪುರದಾಚೆಯ ಯಾವುದೋ ರೆಸಾರ್ಟಿನವರು.
ಸಂಜೆ ಲಾರಿ ಬಂತು. ಹಗ್ಗ ಕಟ್ಟಿದವನು ಮಂಚೇಗೌಡನೇ,
ಕುತ್ತಿಗೆಗೆ ಬಿಗಿಯಾಗದಂತೆ, ಹಳೇ ಗೋಣಿ ಕೊಟ್ಟು.
ಲಾರಿ ತಿರುಗಿ ಮರೆಯಾದ ಮೇಲೆ
ಅವನ ಊರಿನವರ ಆನೆ-ಎಚ್ಚರಿಕೆಯ ಗುಂಪಿಗೆ
ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿದ:

‘ಒಂದು ಆನೆ. ಮೈತುಂಬ ಮದರಂಗಿ.
ಹೈವೇ ಹಿಡಿದು ನಮ್ಮ ಕಡೆಗೇ ಬರ್ತಾ ಇದೆ.
ಯಾರೂ ಹೊರಗೆ ಬರಬೇಡಿ.’

ನಾಲ್ಕು ಜನ ನಕ್ಕ ಮುಖ ಕಳಿಸಿದರು.
ಐದನೆಯವನು ಕೇಳಿದ್ದ: ‘ಜೊತೇಲಿ ಮರಿ ಇದೆಯಾ?’
ಮಂಚೇಗೌಡ ಸ್ವಲ್ಪ ಹೊತ್ತು ನೋಡಿ
ಫೋನನ್ನು ನನ್ನ ಕೈಗಿಟ್ಟ:
“ನೀವೇ ಹೇಳಿ.”